ಕಾಣದ ಸುಳಿಯನ್ನು ಕಂಡ ಬಗೆ

ತುಂಬಿ ಹರಿಯುವ ಹೊಳೆಯಲ್ಲಿ ಸೇತುವೆಯ ಕಂಬದ ಹಿಂದೆ ಸುಳಿಗಳು ಒಂದೊಂದಾಗಿ ಕಳಚಿಕೊಂಡು ಸಾಗುವುದನ್ನು ನಾವೆಲ್ಲ ನೋಡಿದ್ದೇವೆ. ನೀರಿನ ಪದರಗಳ ನಡುವಿನ ಘರ್ಷಣೆ, ಅಂದರೆ ಸ್ನಿಗ್ಧತೆ, ಇದಕ್ಕೆ ಕಾರಣ. ಸ್ನಿಗ್ಧತೆಯೇ ಇಲ್ಲದ ದ್ರವದಲ್ಲಿ ಸುಳಿ ಏಳುವುದೇ?

ಅಂತಹ ದ್ರವವೂ ಉಂಟು. ಲೈಡನ್ ನಗರದಲ್ಲಿ ಕ್ಯಾಮರ್ಲಿಂಗ್ ಓನ್ಸ್ 1908ರಲ್ಲಿ ಹೀಲಿಯಂ ಅನಿಲವನ್ನು ದ್ರವವಾಗಿಸಿದರು. ಸುಮಾರು ಮೈನಸ್ 271 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಅತಿ ಕಿರಿದಾದ ಸಂದಿಯಲ್ಲೂ ತಡೆಯಿಲ್ಲದೆ ಹರಿಯುತ್ತದೆಂದು ಮಾಸ್ಕೋದ ಕಪಿಟ್ಸಾ ಹಾಗೂ ಕೇಂಬ್ರಿಡ್ಜ್‌ನ ಅಲೆನ್, ಮೈಸೆನರ್ 1938ರಲ್ಲಿ ಪ್ರಕಟಿಸಿದರು. ಇದೇ ಸೂಪರ್‌ಫ್ಲೂಯಿಡ್.

ಇದರಲ್ಲೂ ಸುಳಿಗಳಿರಬೇಕು, ಆದರೆ ಅವುಗಳ ಬಲ ಒಂದು ನಿಶ್ಚಿತ ಅಳತೆಯ ಗುಣಕಗಳಲ್ಲಿ ಮಾತ್ರ ಇರಬೇಕು ಎಂದು 1949ರಲ್ಲಿ ಲಾರ್ಸ್ ಆನ್ಸಾಗರ್ ಹೇಳಿದರು. ಎಳೆಯಂತಹ ಈ ಸುಳಿಗಳು ಸಿಕ್ಕುಗಟ್ಟಿದಾಗ ಪ್ರಕ್ಷುಬ್ಧತೆ ಉಂಟಾಗುತ್ತದೆಂದು 1955ರಲ್ಲಿ ಫೈನ್‌ಮನ್ ವಿವರಿಸಿದರು. ಕಂಪಿಸುವ ತಂತಿಯೊಂದರ ನೆರವಿನಿಂದ ಕೇಂಬ್ರಿಡ್ಜ್‌ನ ವೈನನ್ ಆ ಅಳತೆಯನ್ನು ಪ್ರಯೋಗದಲ್ಲಿ ತೋರಿಸಿ 1961ರಲ್ಲಿ ಪ್ರಕಟಿಸಿದರು.

ದ್ರವ ಹೀಲಿಯಂನಲ್ಲಿ ಹೆಪ್ಪುಗಟ್ಟಿದ ಹೈಡ್ರೋಜನ್ ಕಣಗಳು ಸುಳಿಯ ಎಳೆಗಳಿಗೆ ಅಂಟಿ, ಅವುಗಳ ಜಾಡನ್ನು ಕಣ್ಣಿಗೆ ತೋರಿಸಿದ್ದು 2006ರಲ್ಲಿ, ಅಮೆರಿಕದ ಮೇರಿಲ್ಯಾಂಡಿನಲ್ಲಿ. ಆ ತಂಡದಲ್ಲಿ ಬೆಂಗಳೂರಿನಲ್ಲಿ ಓದಿದ ಕೆ. ಆರ್. ಶ್ರೀನಿವಾಸನ್ ಇದ್ದರು. ಹೊಳೆಯ ಕಂಬದ ಹಿಂದಿನಂತಹ ಸುಳಿಸಾಲನ್ನು 2016ರಲ್ಲಿ ದಕ್ಷಿಣ ಕೊರಿಯಾದ ವಿಜ್ಞಾನಿಗಳು ಅತಿಶೀತಲ ಪರಮಾಣು ಅನಿಲದಲ್ಲಿ ಕಂಡರು.

ಆನ್ಸಾಗರ್ 1976ರಲ್ಲಿ, ಫೈನ್‌ಮನ್ 1988ರಲ್ಲಿ ತೀರಿಕೊಂಡಿದ್ದರು. ಅವರು ಬಿತ್ತಿದ್ದನ್ನು ನಂತರದವರು ಕೊಯ್ದರು. ವಿಜ್ಞಾನ ಒಬ್ಬರ ಆಯುಸ್ಸಿನಲ್ಲಿ ಮುಗಿಯುವ ಕೆಲಸವಲ್ಲ.