ಬಂದರು ಬಂತು, ಊರು ಎದ್ದು ಹೋಯ್ತು

ಬೆಂಗಳೂರಿನ ಬಂಕ್‌ನಲ್ಲಿ ಗಾಡಿಗೆ ಪೆಟ್ರೋಲ್ ಹಾಕಿಸುವಾಗ ಅದು ಎಲ್ಲಿಂದ ಬಂತು ಅಂತ ಯಾವತ್ತಾದ್ರೂ ಯೋಚನೆ ಮಾಡಿದ್ದೀರಾ? ಅದರಲ್ಲಿ ಸಾಕಷ್ಟು ಪಾಲು ಬರೋದು ಮಂಗಳೂರಿನಿಂದ, ಘಾಟಿಯ ನೆಲದಡಿ ಹೂತ ಕೊಳವೆಯಲ್ಲಿ. ಪಣಂಬೂರಿನ ಬಂದರಿಗೆ ಹಡಗಿನಲ್ಲಿ ಕಚ್ಚಾ ತೈಲ ಬರುತ್ತೆ, ಎಂಆರ್‌ಪಿಎಲ್ ಅದನ್ನು ಶುದ್ಧಿ ಮಾಡುತ್ತೆ, ನಾವು ಉರಿಸ್ತೀವಿ.

ಹೊರಗಿನ ಸರಕು ತರಿಸು, ಇಲ್ಲಿ ಅದಕ್ಕೆ ಬೇರೆ ರೂಪ ಕೊಡು, ಕಳಿಸು. ಮಂಗಳೂರಿಗೆ ಈ ಕಸುಬು ಹೊಸದಲ್ಲ. 12ನೇ ಶತಮಾನದಲ್ಲಿ ಟ್ಯುನೀಷಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರನ್ನೇ ನೆಲೆ ಮಾಡಿಕೊಂಡಿದ್ದ. ಈ ಕರಾವಳಿಯಲ್ಲಿ ಅವನ ಕಂಚಿನ ಕಾರ್ಖಾನೆ ಇತ್ತು. ಏಡನ್‌ನಿಂದ ಒಡೆದ ತಾಮ್ರದ ಪಾತ್ರೆಗಳು ಹಡಗಿನಲ್ಲಿ ಬರುತ್ತಿದ್ದವು, ಇಲ್ಲಿನ ಕುಶಲಕರ್ಮಿಗಳ ಕೈಯಲ್ಲಿ ಹೊಸ ಪಾತ್ರೆಗಳಾಗಿ ವಾಪಸ್ ಹೋಗುತ್ತಿದ್ದವು. ಅವನ ಪತ್ರಗಳು ಕೈರೋದ ಹಳೆಯ ಸಿನಗಾಗ್ ಒಂದರಲ್ಲಿ ಉಳಿದುಕೊಂಡಿದ್ದರಿಂದ ನಮಗಿದು ಗೊತ್ತು.

1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿ ದಡದಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ನದಿಯ ಜೇಡಿಮಣ್ಣು, ಮಲೆನಾಡಿನ ಸೌದೆ, ಊರಿನ ಜನರ ದುಡಿಮೆ. ‘ಮಂಗಳೂರು ಹೆಂಚು’ ಸಮುದ್ರ ದಾಟಿ ದೇಶದೇಶಗಳ ಮನೆಗಳ ಮೇಲೆ ಕೂತಿತು. ಇದೆಲ್ಲ ನಡೆದದ್ದು ನೇತ್ರಾವತಿ, ಫಲ್ಗುಣಿ ಸೇರುವ ಅಳಿವೆಯ ಹಳೇ ಬಂದರಿನಲ್ಲಿ. ಅಲ್ಲಿ ಹೂಳಿನ ಕಾಟ. ದೊಡ್ಡ ಹಡಗು ದೂರದಲ್ಲೇ ಲಂಗರು ಹಾಕಬೇಕು, ಸರಕನ್ನು ದೋಣಿಯಲ್ಲಿ ಸಾಗಿಸಬೇಕು. ಮಳೆಗಾಲ ಬಂತು ಅಂದ್ರೆ ವ್ಯವಹಾರ ಬಂದ್.

ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯರು ಸರ್ವಋತು ಬಂದರಿಗಾಗಿ ದಿಲ್ಲಿಯಲ್ಲಿ ಹಠ ಹಿಡಿದು ಓಡಾಡಿದರು. 1965ರಲ್ಲಿ ತೀರಿಕೊಂಡ ಅವರು ಆ ಬಂದರನ್ನು ನೋಡಲೇ ಇಲ್ಲ. ಪಣಂಬೂರಿನಲ್ಲಿ ನೆಲವನ್ನೇ ಅಗೆದು, ಸಮುದ್ರವನ್ನು ಒಳಗೆ ತಂದು ಕಟ್ಟಿದ ಬಂದರನ್ನು 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು.

ನೆಲ ಅಗೆದರು ಅಂದೆನಲ್ಲ, ಅದು ಖಾಲಿ ನೆಲ ಆಗಿರಲಿಲ್ಲ ಸ್ವಾಮಿ! ಮನೆಗಳಿದ್ದವು, ಗದ್ದೆಗಳಿದ್ದವು, ಮೀನುಗಾರರ ಕಡಲತೀರ ಇತ್ತು. ಆ ಜನ ಗಂಟುಮೂಟೆ ಕಟ್ಟಿ ಕಾಟಿಪಳ್ಳ, ಕೃಷ್ಣಾಪುರದ ಕಡೆ ಹೋದರು. ಹಿಂದೆಯೇ ರಸಗೊಬ್ಬರ ಕಾರ್ಖಾನೆ ಬಂತು, ಆಮೇಲೆ ತೈಲ ಶುದ್ಧೀಕರಣ ಘಟಕ. ಮತ್ತಷ್ಟು ಊರು, ಮತ್ತಷ್ಟು ಗಂಟುಮೂಟೆ.

ಇನ್ನು ಕುದುರೆಮುಖದ ಕಥೆ ಕೇಳಿ. ಇರಾನಿನ ಶಾ ಅವರ ಸಾಲ ನಂಬಿ, ವರ್ಷಕ್ಕೆ 75 ಲಕ್ಷ ಟನ್ ಅದಿರು ಕೊಡುವ ಯೋಜನೆ. ಬೆಟ್ಟದಿಂದ ಪಣಂಬೂರಿಗೆ 67 ಕಿಲೋಮೀಟರ್ ಕೊಳವೆ ಹಾಕಿ ಅದಿರಿನ ರಾಡಿ ಹರಿಸಿದರು. 1979ರಲ್ಲಿ ಇರಾನ್‌ನಲ್ಲಿ ಕ್ರಾಂತಿ ಆಯ್ತು, ನಂಬಿದ ಗಿರಾಕಿಯೇ ಕೈಕೊಟ್ಟ. ಬೇರೆ ಗಿರಾಕಿಗಳನ್ನು ಹುಡುಕಿಕೊಂಡು ಗಣಿ ನಡೆಯಿತು. ಆ ಬೆಟ್ಟಗಳೋ, ತುಂಗಾ, ಭದ್ರಾ ಹುಟ್ಟುವ ನೆತ್ತಿ. ಕೊನೆಗೆ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಅಂತ್ಯಕ್ಕೆ ಗಣಿ ನಿಂತಿತು.

ಬಂದರು ಬೇಡವಾಗಿತ್ತು ಅಂತ ನಾನು ಹೇಳ್ತಿಲ್ಲ. ಅದಿಲ್ಲದಿದ್ದರೆ ಕರ್ನಾಟಕದ ಕಾಫಿಗೂ ಗೋಡಂಬಿಗೂ ಪಕ್ಕದ ರಾಜ್ಯದ ಬಾಗಿಲೇ ಗತಿ. ಆದರೆ ವ್ಯತ್ಯಾಸ ನೋಡಿ. ಹೆಂಚಿನ ಕಾಲದಲ್ಲಿ ಕಾರ್ಖಾನೆಗೆ ಊರಿನ ಮಣ್ಣೂ ಬೇಕಿತ್ತು, ಊರಿನ ಜನರೂ ಬೇಕಿತ್ತು. ತೈಲದ ಕಾಲದಲ್ಲಿ ಜಾಗ ಸಿಕ್ಕಿದರೆ ಸಾಕು, ಜನ ಅಡ್ಡಿ.

ಬಂದರಿನ ಇತಿಹಾಸ ಬರೆಯುವವರು ಎಷ್ಟು ಟನ್ ಸರಕು ಇಳೀತು ಅಂತ ಬರೀತಾರೆ. ಎಷ್ಟು ಮನೆಗಳ ಒಲೆ ಆರಿತು, ಮತ್ತೆ ಎಲ್ಲಿ ಹೊತ್ತಿತು ಅಂತ ಬರೆಯೋರು ಯಾರು? ಬಂಕ್‌ನಲ್ಲಿ ಬಿಲ್ ಕೊಡುವಾಗ ನಾವು ಲೀಟರಿಗಷ್ಟೇ ದುಡ್ಡು ಕೊಡ್ತೀವಿ. ಉಳಿದ ಬೆಲೆಯನ್ನು ಕಾಟಿಪಳ್ಳದವರು ಮೊದಲೇ ಕೊಟ್ಟಾಗಿದೆ.