ಹರಿಗೋಲಿಗೆ ಹಿಂದು ಮುಂದಿಲ್ಲ

ಹಳೇ ವಾರಪತ್ರಿಕೆಗಳ ಕಟ್ಟು ಕೈಗೆ ಸಿಕ್ಕರೆ ಅದರಲ್ಲಿ ದೋಣಿಗಳನ್ನು ಹುಡುಕಿ ನೋಡಿ. ಪಕ್ಷ ಒಡೆದರೆ ದೋಣಿಗೆ ತೂತು. ಚುನಾವಣೆ ಬಂದರೆ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹುಟ್ಟು ಹಾಕೋ ನಾಯಕರು. ನೆರೆ ಬಂದರೆ ದೋಣಿಯಲ್ಲಿ ಕೊಡೆ ಹಿಡಿದು ಕೂತ ಮಂತ್ರಿ. ವ್ಯಂಗ್ಯಚಿತ್ರಕಾರನಿಗೆ ಇದಕ್ಕಿಂತ ಅಗ್ಗದ ರಂಗಸ್ಥಳ ಸಿಗಲ್ಲ. ನಾಲ್ಕು ಗೆರೆ ಎಳೆದರೆ ನೀರು, ಇನ್ನೆರಡು ಎಳೆದರೆ ದೋಣಿ. ಒಳಗಿರೋರು ಮಧ್ಯದಲ್ಲಿ ಎದ್ದು ಹೋಗೋ ಹಾಗಿಲ್ಲ, ಅದೇ ಅದರ ಮಜಾ.

ಈಗ ಆ ದೋಣಿಯ ಆಕಾರ ಗಮನಿಸಿ. ಚೂಪು ಮೂತಿ, ಎರಡೂ ಪಕ್ಕ ಉದ್ದ ಹುಟ್ಟು. ಆದರೆ ಶಿವಮೊಗ್ಗದ ತುಂಗೆಯಲ್ಲಿ, ಭದ್ರಾವತಿಯ ಭದ್ರೆಯಲ್ಲಿ ತಲೆಮಾರುಗಳ ಕಾಲ ಜನರನ್ನು ದಾಟಿಸಿದ್ದು ದುಂಡನೆಯ ಹರಿಗೋಲು. ನಮ್ಮ ಕಡೆ ತೆಪ್ಪ ಅಂತಲೂ ಅಂತಾರೆ. ಹಾಗಾದರೆ ಈ ಚೂಪು ಮೂತಿ ಎಲ್ಲಿಂದ ಬಂತು?

ಒಂದು ದಾರಿ ಲಂಡನ್ನಿನಿಂದ. 1890ರ ಮಾರ್ಚ್‌ನಲ್ಲಿ ಅಲ್ಲಿಯ 'ಪಂಚ್' ಪತ್ರಿಕೆಯಲ್ಲಿ ಜಾನ್ ಟೆನಿಯಲ್ ಬರೆದ ಒಂದು ಚಿತ್ರ ಬಂತು. ಜರ್ಮನಿಯ ಮುತ್ಸದ್ದಿ ಬಿಸ್ಮಾರ್ಕ್ ಹಡಗಿನ ಚಾಲಕನ ಉಡುಪಿನಲ್ಲಿ ಏಣಿ ಇಳಿದು ಹೋಗ್ತಿದ್ದಾರೆ. ಅವರನ್ನು ಮನೆಗೆ ಕಳಿಸಿದ ಯುವ ದೊರೆ ಮೇಲಿಂದ ಬಗ್ಗಿ ನೋಡ್ತಿದ್ದಾನೆ. ದೇಶ ಅಂದರೆ ಹಡಗು, ನಾಯಕ ಅಂದರೆ ಅದನ್ನು ನಡೆಸುವವನು ಅನ್ನೋ ಹೋಲಿಕೆ ಹಳೆಯದೇ. ಆದರೆ ಈ ಚಿತ್ರದ ನಂತರ ಲೋಕದ ಎಷ್ಟೋ ವ್ಯಂಗ್ಯಚಿತ್ರಕಾರರು ಅದೇ ಏಣಿಯಿಂದ ತಮ್ಮ ತಮ್ಮ ನಾಯಕರನ್ನು ಇಳಿಸಿದರು.

ಮೈಸೂರಿನಲ್ಲಿ ಬೆಳೆದ ಆರ್.ಕೆ. ಲಕ್ಷ್ಮಣ್, ಓದಲು ಕಲಿಯುವ ಮೊದಲೇ 'ಪಂಚ್', 'ಸ್ಟ್ರ್ಯಾಂಡ್'ನಂಥ ಪತ್ರಿಕೆಗಳ ಚಿತ್ರಗಳಲ್ಲಿ ಮುಳುಗಿಹೋಗ್ತಿದ್ದರು. 1942ರಲ್ಲಿ ರಾಶಿ, ಅಂದರೆ ಡಾ. ಎಂ. ಶಿವರಾಂ, 'ಕೊರವಂಜಿ' ಎಂಬ ಹಾಸ್ಯಪತ್ರಿಕೆ ಶುರು ಮಾಡಿದಾಗ ಅದಕ್ಕೆ ಚಿತ್ರ ಬರೆದವರಲ್ಲಿ ಇದೇ ಲಕ್ಷ್ಮಣ್ ಇದ್ದರು. ಯುದ್ಧದ ಕಾಲ, ಕಾಗದಕ್ಕೇ ಬರ. ಆದರೂ 'ಕೊರವಂಜಿ' ಇಪ್ಪತ್ತೈದು ವರ್ಷ ನಡೆದು 1967ರಲ್ಲಿ ನಿಂತಿತು. ಗೆರೆಯ ಪಾಠ ಹೊರಗಿಂದ ಬಂದರೆ ಸಾಮಾನೂ ಜೊತೆಗೇ ಬರುತ್ತೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಆ ದೋಣಿ ಹತ್ತಿದರೆ ಅದರ ಯೋಚನೆಯೂ ನಮ್ಮ ಜೊತೆ ಬರುತ್ತೆ. ಮುಂದೆ ಒಬ್ಬ ನಾಯಕ, ಹಿಂದೆ ಉಳಿದವರು.

ಹರಿಗೋಲಿನಲ್ಲಿ ಆ ಲೆಕ್ಕ ನಡೆಯಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಯ ಹತ್ತಿರ ಇದನ್ನು ಕಂಡು ಬರೆದಿಟ್ಟಿದ್ದಾನೆ. ಬುಟ್ಟಿಯ ಹಾಗೆ ದುಂಡಗೆ ಇದೆ, ಹೊರಗೆ ಚರ್ಮ ಹೊದಿಸಿದ್ದಾರೆ, ಹದಿನೈದು ಇಪ್ಪತ್ತು ಜನ ಹಿಡಿಸ್ತಾರೆ, ನೇರ ಹೋಗಲಾರದೆ ಸದಾ ತಿರುಗ್ತಾ ಇರುತ್ತೆ ಅಂತ. ಆನೆಗೊಂದಿಗೆ ಹರಿದು ಹೋಗೋದು ನಮ್ಮದೇ ನೀರು. ಶಿವಮೊಗ್ಗದ ಪಕ್ಕದ ಕೂಡ್ಲಿಯಲ್ಲಿ ತುಂಗೆ, ಭದ್ರೆ ಸೇರಿ ಅಲ್ಲಿಂದ ಮುಂದಕ್ಕೆ ತುಂಗಭದ್ರೆ. ಇವತ್ತು ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ಕು, ಡಾಂಬರು ಬಂದಿವೆ. ತಿರುಗೋದು ಮಾತ್ರ ನಿಂತಿಲ್ಲ.

ಟೆನಿಯಲ್‌ನ ಚಿತ್ರವನ್ನು ಹರಿಗೋಲಿಗೆ ಹಾಕಿ ನೋಡಿ. ಏಣಿ ಇಲ್ಲ, ಮೂತಿ ಇಲ್ಲ. ಈಗ ಮುಂದೆ ಕೂತವನು ಅರೆ ಕ್ಷಣದಲ್ಲಿ ಹಿಂದೆ. ಅಂಬಿಗನೂ ಎಲ್ಲರ ಜೊತೆ ಗಿರಕಿ ಹೊಡೀತಾನೆ. ಆದರೂ ಕೊನೆಗೆ ಆಚೆ ದಡ ಮುಟ್ಟುತ್ತೆ, ಯಾಕಂದ್ರೆ ಅವನಿಗೆ ನೀರಿನ ಸೆಳೆತ ಗೊತ್ತು. ಸಮ್ಮಿಶ್ರ ಸರ್ಕಾರಕ್ಕಾಗಲಿ, ಕೂಡು ಕುಟುಂಬಕ್ಕಾಗಲಿ ಇದಕ್ಕಿಂತ ಒಳ್ಳೇ ಹೋಲಿಕೆ ಬೇಕಾ? ಹಳೇ ಪುಟಗಳಲ್ಲಿ ಹರಿಗೋಲು ಕಂಡರೆ ಅದಕ್ಕೆ ಬೆಲೆ ಅದಕ್ಕೇ. ಅಲ್ಲಿ ಜೋಕಿನ ಆಕಾರವೇ ಬೇರೆ.

ಇದನ್ನೆಲ್ಲ ಹೊತ್ತ ಕಾಗದದ ಕಥೆಯೂ ಈ ಹೊಳೆಯದೇ. ಭದ್ರಾವತಿಯಲ್ಲಿ ಭದ್ರೆಯ ದಡದಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಗಿದ್ದು 1936ರಲ್ಲಿ. ಮಲೆನಾಡಿನ ಬಿದಿರು ಅಲ್ಲಿ ಹಾಳೆಯಾಯಿತು. 1980ರ ದಶಕದಲ್ಲಿ ಪತ್ರಿಕೆಗಳಿಗೆ ಬೇಕಾದ ನ್ಯೂಸ್‌ಪ್ರಿಂಟ್ ಕೂಡ ಅಲ್ಲಿ ತಯಾರಾಗ್ತಿತ್ತು. ಹರಿಗೋಲಿನ ಹಂದರವೂ ಬಿದಿರಿನದೇ ಅನ್ನೋದು ನೆನಪಿರಲಿ. ಕಾರ್ಖಾನೆ ನಿಂತು ವರ್ಷಗಳಾದವು. ಉಳಿದ ಹಾಳೆಗಳಿಗೂ ಆಯಸ್ಸು ಕಡಿಮೆ. ನ್ಯೂಸ್‌ಪ್ರಿಂಟ್‌ನಲ್ಲಿ ಮರದ ಲಿಗ್ನಿನ್ ಹೆಚ್ಚು ಉಳಿದಿರುತ್ತೆ. ಬೆಳಕು, ಗಾಳಿ ತಾಗಿದರೆ ಹಳದಿಯಾಗಿ, ಆಮೇಲೆ ಹಪ್ಪಳದ ಹಾಗೆ ಮುರಿಯುತ್ತೆ.

ಆದ್ದರಿಂದ ಕೂಡಿಡೋರಿಗೆ ಎರಡು ಮಾತು. ಚಿತ್ರ ಮಾತ್ರ ಕತ್ತರಿಸಬೇಡಿ. ಪುಟ ಪೂರ್ತಿ ಇರಲಿ, ತಾರೀಕು ಇರಲಿ, ಹಿಂದಿನ ಸೋಪಿನ ಜಾಹೀರಾತೂ ಇರಲಿ. ತಾರೀಕು ಹೋದರೆ ಆ ದೋಣಿಯಲ್ಲಿ ಮುಳುಗ್ತಿರೋ ಸರ್ಕಾರ ಯಾವುದು ಅಂತ ಯಾರಿಗೂ ಗೊತ್ತಾಗಲ್ಲ. ಸೆಲ್ಲೋ ಟೇಪು, ಲ್ಯಾಮಿನೇಶನ್ ಬೇಡ. ಎರಡೂ ಕಡೆ ಸ್ಕ್ಯಾನ್ ಮಾಡಿ, ಬಿಸಿಲು ತಾಗದ ಕಡೆ ಮಡಿಸದೆ ಇಡಿ.

2025ರ ಜುಲೈನಲ್ಲಿ ಶರಾವತಿ ಹಿನ್ನೀರಿಗೆ ಸೇತುವೆಯಾಯಿತು. ಸಿಗಂದೂರಿಗೆ ಹೋಗೋರು ಲಾಂಚಿಗೆ ಕಾಯ್ತಾ ನಿಲ್ಲೋದು ಇನ್ನು ನೆನಪಿನ ಮಾತು. ದ್ವೀಪದಂತಾಗಿದ್ದ ಊರುಗಳ ಜನಕ್ಕೆ ಅದು ದೊಡ್ಡ ನಿರಾಳ, ಅದನ್ನು ಅಲ್ಲಗಳೆಯೋ ಹಾಗಿಲ್ಲ. ಆದರೆ ಲಾಂಚಿನ ಮೇಲೆ ಬಸ್ಸು, ಬೈಕು, ಭಕ್ತರು ಒತ್ತಿ ನಿಂತ ಒಂದು ತಮಾಷೆ ಚಿತ್ರ ಎಲ್ಲಾದರೂ ಅಚ್ಚಾಗಿದ್ದರೆ ಇವತ್ತಿನಿಂದ ಅದು ಇತಿಹಾಸದ ದಾಖಲೆ. ಸರ್ಕಾರಿ ಕಡತದಲ್ಲಿ ಎಷ್ಟು ಟ್ರಿಪ್ ಅಂತ ಸಿಕ್ಕೀತು. ಕಾದವರ ಮುಖ ಹೇಗಿತ್ತು ಅಂತ ಸಿಗೋದು ಆ ನಾಲ್ಕು ಗೆರೆಗಳಲ್ಲೇ.