ಮನೆಯ ಬಾಣಂತನ: ತಾಯಿ, ಮಗು ಮತ್ತು ರಾತ್ರಿಯ ನಿದ್ದೆ

ಹೆರಿಗೆಯಾದ ಮೇಲೆ ತಾಯಿಯ ಮೈಮನಸ್ಸು ಚೇತರಿಸಿಕೊಳ್ಳುವವರೆಗೆ ಮನೆಯಲ್ಲಿ ತಾಯಿಗೂ ಮಗುವಿಗೂ ನಡೆಯುವ ಆರೈಕೆಯೇ ಬಾಣಂತನ. ವೈದ್ಯರ ಲೆಕ್ಕದಲ್ಲಿ ಈ ಅವಧಿ ಆರು ವಾರ. ಕರ್ನಾಟಕದ ಮನೆಗಳಲ್ಲಿ ಅದು ಮೂರು ತಿಂಗಳು, ಅನುಕೂಲವಿದ್ದ ಕಡೆ ಐದು ತಿಂಗಳು. ಬಾಣಂತನವೆಂದರೆ ಎಣ್ಣೆನೀರು, ಮೆಣಸಿನ ಸಾರು, ಸಾಂಬ್ರಾಣಿ ಹೊಗೆ ಎಂದು ಎಲ್ಲರಿಗೂ ಗೊತ್ತು. ಯಾರೂ ಅಷ್ಟಾಗಿ ಲೆಕ್ಕಕ್ಕೆ ಹಿಡಿಯದ, ಆದರೆ ಎಲ್ಲಕ್ಕಿಂತ ದೊಡ್ಡ ಕೆಲಸ ಇನ್ನೊಂದಿದೆ: ತಾಯಿಗೆ ನಿದ್ದೆ ಸಿಗುವಂತೆ ನೋಡಿಕೊಳ್ಳುವುದು. ಅಜ್ಜಿ, ಚಿಕ್ಕಮ್ಮ, ಅತ್ತಿಗೆ ಎಂದು ಎಂಟು ಕೈಗಳಿದ್ದ ಮನೆಯಲ್ಲಿ ಇದು ತಾನಾಗಿ ನಡೆದುಹೋಗುತ್ತಿತ್ತು. ಕೈಗಳು ಕಡಿಮೆಯಾದ ಮನೆಗಳಲ್ಲಿ ಅದನ್ನು ಯೋಚಿಸಿ, ಗೊತ್ತುಮಾಡಿ, ಎಷ್ಟೋ ಸಲ ದುಡ್ಡು ಕೊಟ್ಟು ಏರ್ಪಾಡು ಮಾಡಿಕೊಳ್ಳಬೇಕಾಗಿದೆ.

ಹಸುಗೂಸು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ. ಕೇಳಿದರೆ ಧಾರಾಳ ಅನ್ನಿಸಬಹುದು. ಆದರೆ ಆ ನಿದ್ದೆ ಎರಡು, ಮೂರು ಗಂಟೆಗಳ ತುಣುಕುಗಳಲ್ಲಿ ಹಗಲೂ ರಾತ್ರಿಯೂ ಹರಡಿಕೊಂಡಿರುತ್ತದೆ. ಕತ್ತಲು ಬೆಳಕನ್ನು ಗುರುತಿಸಿ ನಡೆಯುವ ದೇಹದ ಗಡಿಯಾರ ಮಗುವಿನಲ್ಲಿ ರೂಪುಗೊಳ್ಳಲು ಎರಡು ಮೂರು ತಿಂಗಳು ಬೇಕು. ಹೊಟ್ಟೆ ಚಿಕ್ಕದು, ಎದೆಹಾಲು ಬೇಗ ಕರಗುತ್ತದೆ. ಹಾಗಾಗಿ ದಿನಕ್ಕೆ 8ರಿಂದ 12 ಸಲ ಹಾಲೂಡಿಸಬೇಕು. ಹಾಲು ಕುಡಿಸಿ, ತೇಗು ಬರಿಸಿ, ಬಟ್ಟೆ ಬದಲಿಸಿ, ಮತ್ತೆ ಮಲಗಿಸುವ ಹೊತ್ತಿಗೆ ಸುಲಭವಾಗಿ ಒಂದು ಗಂಟೆ ಕಳೆದಿರುತ್ತದೆ. ತಾಯಿ ಕಣ್ಣು ಮುಚ್ಚುವಷ್ಟರಲ್ಲಿ ಮುಂದಿನ ಸರದಿ ಬರುತ್ತದೆ. ಹಾಲು ಉತ್ಪತ್ತಿಗೆ ಬೇಕಾದ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿ ಹೆಚ್ಚಾಗಿರುವುದರಿಂದ ಮೊದಲ ವಾರಗಳಲ್ಲಿ ರಾತ್ರಿಯ ಹಾಲೂಡಿಕೆಯನ್ನು ತಪ್ಪಿಸುವಂತೆಯೂ ಇಲ್ಲ. ಮೊದಲ ತಿಂಗಳಲ್ಲೇ ಮಗುವಿಗೆ ರಾತ್ರಿಯಿಡೀ ಮಲಗುವುದನ್ನು ಕಲಿಸಿಕೊಡುತ್ತೇವೆ ಎನ್ನುವವರ ಮಾತನ್ನು ನಂಬದಿರುವುದೇ ಒಳ್ಳೆಯದು. ಹಾಲೂಡಿಸುವುದೊಂದನ್ನು ಬಿಟ್ಟು ಮಿಕ್ಕ ಕೆಲಸ ಯಾರ ಕೈಗೆ ಹೋಗುತ್ತದೆ ಎಂಬುದನ್ನು ಮಾತ್ರ ಮನೆಯವರು ಬದಲಿಸಬಹುದು. ತಾಯಿಗೆ ಒಟ್ಟಿಗೆ ನಾಲ್ಕು ಗಂಟೆ ನಿದ್ದೆ ಸಿಗುವುದೂ ಸಿಗದಿರುವುದೂ ಅದರ ಮೇಲೆ ನಿಂತಿದೆ.

ಈ ನಾಲ್ಕು ಗಂಟೆಯನ್ನು ಸುಖದ ಮಾತೆಂದು ತಳ್ಳಿಹಾಕುವಂತಿಲ್ಲ. ಹೆರಿಗೆಯಾದ ಮೂರನೆಯ ದಿನದಿಂದ ಐದನೆಯ ದಿನದ ಸುಮಾರಿಗೆ ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಕಾರಣವಿಲ್ಲದೆ ಅಳು ಬರುತ್ತದೆ. ಎರಡು ವಾರದೊಳಗೆ ಅದು ತಾನೇ ಇಳಿಯುತ್ತದೆ. ಇಳಿಯದೆ ಉಳಿದರೆ ಅದು ಖಿನ್ನತೆಯಿರಬಹುದು. ಭಾರತದಲ್ಲಿ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಬಾಣಂತಿಯರಲ್ಲಿ ಖಿನ್ನತೆಯ ಪ್ರಮಾಣ ಶೇ. 22. ಅಂದರೆ ಸುಮಾರು ಐವರಲ್ಲಿ ಒಬ್ಬರು. ಇದಕ್ಕಿಂತ ತೀವ್ರವಾದದ್ದು ಹಳಬರು ಬಾಣಂತಿ ಸನ್ನಿ ಎಂದು ಕರೆಯುತ್ತಿದ್ದ ಚಿತ್ತವಿಕಾರ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಶೀತ ತಾಗಿದರೆ ಸನ್ನಿಯಾಗುತ್ತದೆಂದು ಕಿವಿಗೆ ಹತ್ತಿ ತುರುಕಿ, ತಲೆಗೆ ಬಟ್ಟೆ ಕಟ್ಟುವ ರೂಢಿ ಈಗಲೂ ಇದೆ. ನಿಜವಾಗಿ ಕಣ್ಣಿಡಬೇಕಾದದ್ದು ನಿದ್ದೆಯ ಮೇಲೆ. ಮಗು ಮಲಗಿದ್ದಾಗಲೂ ತಾಯಿಗೆ ರಾತ್ರಿಗಟ್ಟಲೆ ನಿದ್ದೆ ಬಾರದಿರುವುದು ಸನ್ನಿಯ ಮೊದಲ ಗುರುತುಗಳಲ್ಲೊಂದು. ಆಗ ತಡಮಾಡದೆ ವೈದ್ಯರ ಬಳಿ ಕರೆದೊಯ್ಯಬೇಕು. ಇಂಥ ತಾಯಂದಿರನ್ನು ಮಗುವಿನಿಂದ ಅಗಲಿಸದೆ ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ಕೊಡುವ ತಾಯಿ–ಮಗು ಘಟಕವೊಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಲ್ಲಿ ಆರಂಭವಾಯಿತು. ಮನೆಯಿಂದಲೇ ಕನ್ನಡದಲ್ಲಿ ಮಾತಾಡಲು ಟೆಲಿ ಮಾನಸ್ ಸಹಾಯವಾಣಿ 14416 ಇದೆ.

ಹಳೆಯ ಬಾಣಂತನದ ವ್ಯವಸ್ಥೆ ಗಟ್ಟಿಯಾಗಿತ್ತು. ಚೊಚ್ಚಲ ಹೆರಿಗೆ ತವರಿನದು. ಸೀಮಂತ ಮುಗಿಸಿ ಮಗಳನ್ನು ಕರೆತಂದರೆ ಅವಳು ಮಗುವಿನೊಂದಿಗೆ ಗಂಡನ ಮನೆಗೆ ಮರಳುವುದು ತಿಂಗಳುಗಳ ನಂತರ. ಹೆರಿಗೆ ಮಾಡಿಸಿದ ಸೂಲಗಿತ್ತಿಯೇ ಮುಂದೆ ಕೆಲವು ದಿನ ಬಂದು ತಾಯಿ–ಮಗುವಿಗೆ ನೀರೆರೆದು ಹೋಗುತ್ತಿದ್ದಳು. 2018ರಲ್ಲಿ ಪದ್ಮಶ್ರೀ ಪಡೆದ, ಅದೇ ವರ್ಷ ತೀರಿಕೊಂಡ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಈ ಪರಂಪರೆಯ ದೊಡ್ಡ ಹೆಸರು. 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಕಾಸು ಪಡೆಯದೆ ಮಾಡಿಸಿದ ಕೀರ್ತಿ ಅವರದು.

ನೀರೆರೆಯುವ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಅದರಲ್ಲಿರುವ ಕಸುಬು ತಿಳಿಯುತ್ತದೆ. ಬಚ್ಚಲಿನಲ್ಲಿ ಕುಳ್ಳಮಣೆಯ ಮೇಲೆ ಕೂತು ಎರಡೂ ಕಾಲು ನೀಡಿ, ಮೊಣಕಾಲಿನ ಕೆಳಗೆ ಮಗುವನ್ನು ಕವುಚಿ ಹಾಕಿಕೊಂಡು, ಒಂದು ಅಂಗೈಯನ್ನು ಹಣೆಗೆ ಅಡ್ಡ ಹಿಡಿದು ಕಣ್ಣಿಗೆ ನೀರಿಳಿಯದಂತೆ ಎರೆಯುತ್ತಾರೆ. ಮಗು ಮೊದಲು ಕಿರುಚುತ್ತದೆ, ನಾಲ್ಕು ತಂಬಿಗೆ ಬಿಸಿನೀರು ಬೀಳುವಷ್ಟರಲ್ಲಿ ಸುಮ್ಮನಾಗುತ್ತದೆ. ಆಮೇಲೆ ಹಳೆಯ ಸೀರೆಯ ಮೆತ್ತನೆ ತುಂಡಿನಲ್ಲಿ ಒರೆಸಿ, ಹಾಲು ಕುಡಿಸಿ ಮಲಗಿಸಿದರೆ ಎರಡು ಮೂರು ಗಂಟೆ ಮಿಸುಕುವುದಿಲ್ಲ. ತಾಯಿಗೂ ಅದೇ ಹೊತ್ತಿಗೆ ಎಣ್ಣೆ ತಿಕ್ಕಿ, ಹಂಡೆಯ ಬಿಸಿನೀರು ಎರೆದು, ಹೊದೆಸಿ ಮಲಗಿಸುತ್ತಾರೆ. ಇಬ್ಬರೂ ಒಂದೇ ಹೊತ್ತಿನಲ್ಲಿ ಮಲಗುವಂತೆ ದಿನವನ್ನು ಹೊಂದಿಸಿದ ಈ ಜಾಣತನ ಇಂದಿಗೂ ಉಳಿಸಿಕೊಳ್ಳತಕ್ಕದ್ದು. ಹುಟ್ಟಿದ ಕೂಡಲೇ ಮಾತ್ರ ಮಗುವಿಗೆ ನೀರೆರೆಯುವುದು ಬೇಡ. ಮೊದಲ ಸ್ನಾನಕ್ಕೆ ಕನಿಷ್ಠ 24 ಗಂಟೆ ಕಾಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಪಥ್ಯದಲ್ಲೂ ಒಳ್ಳೆಯದು ಬಹಳವಿದೆ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ತುಪ್ಪ, ಉತ್ತರ ಕರ್ನಾಟಕದ ಅಂಟಿನುಂಡೆ ಮತ್ತು ಅಳ್ವಿ ಪಾಯಸ ಇವೆಲ್ಲ ದಣಿದ ಮೈಗೆ ತ್ರಾಣ ಕೊಡುವಂಥವು. ಆದರೆ ಕೆಲವು ರೂಢಿಗಳು ಅಪಾಯಕಾರಿ. ನೀರು ಕುಡಿದರೆ ಹೊಟ್ಟೆ ಬರುತ್ತದೆಂದು ಹಾಲೂಡಿಸುವ ತಾಯಿಗೆ ನೀರು ಕೊಡದಿರುವುದು ಒಂದು. ಪಾಲಿಶ್ ಮಾಡಿದ ಅಕ್ಕಿಯ ಅನ್ನ, ಮೆಣಸಿನ ಸಾರು ಇಷ್ಟರಲ್ಲೇ ವಾರಗಟ್ಟಲೆ ಇರಿಸುವುದು ಇನ್ನೊಂದು. ಇದರಿಂದ ಎದೆಹಾಲಿನಲ್ಲಿ ಬಿ1 ಜೀವಸತ್ವ ಕಡಿಮೆಯಾಗಿ, ಆ ಹಾಲನ್ನೇ ನಂಬಿದ ಎರಡು ಮೂರು ತಿಂಗಳ ಮಗುವಿಗೆ ಇದ್ದಕ್ಕಿದ್ದಂತೆ ಏದುಸಿರು ಬಂದು, ಶ್ವಾಸಕೋಶದ ರಕ್ತದೊತ್ತಡ ಏರಿ ಜೀವಕ್ಕೇ ಕುತ್ತಾಗುತ್ತದೆ. ಬಿ1 ಚುಚ್ಚುಮದ್ದು ಕೊಟ್ಟ ಕೂಡಲೇ ಚೇತರಿಸಿಕೊಂಡ ಇಂಥ ಶಿಶುಗಳನ್ನು ಕರ್ನಾಟಕದ ಮಕ್ಕಳ ಹೃದ್ರೋಗ ತಜ್ಞರು ದಾಖಲಿಸಿದ್ದಾರೆ. ಬೇಳೆ, ಕಾಳು, ತರಕಾರಿ, ರೂಢಿಯಿದ್ದವರಿಗೆ ಮೊಟ್ಟೆ ಮಾಂಸ ಎಲ್ಲವೂ ಬಾಣಂತಿಗೆ ಬೇಕು. ಸಾಂಬ್ರಾಣಿ ಹೊಗೆಯನ್ನು ಮಗುವಿಗೆ ಹಿಡಿಯುವುದನ್ನೂ, ಆರು ತಿಂಗಳೊಳಗೆ ಬಜೆ ತೇಯ್ದು ನಾಲಿಗೆಗೆ ಸವರುವುದನ್ನೂ, ವರ್ಷ ತುಂಬುವವರೆಗೆ ಜೇನು ನೆಕ್ಕಿಸುವುದನ್ನೂ ಬಿಡಬೇಕು. ಅಜ್ಜಿಯರ ಮೇಲಿನ ಗೌರವಕ್ಕೆ ಇದರಿಂದ ಯಾವ ಕುಂದೂ ಬರುವುದಿಲ್ಲ.

ಈಗ ಕರ್ನಾಟಕದಲ್ಲಿ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿ ಇದು. ಅದೇ ಸಮೀಕ್ಷೆಯಂತೆ ಸುಮಾರು ಮೂರರಲ್ಲೊಂದು ಹೆರಿಗೆ ಸಿಸೇರಿಯನ್. ಹೊಲಿಗೆ ಮಾಯುತ್ತಿರುವ ಹೆಣ್ಣುಮಗಳಿಗೆ ಮಂಚದಿಂದ ಏಳುವುದೇ ಕಷ್ಟ, ತೊಟ್ಟಿಲಿಗೆ ಬಗ್ಗಿ ಮಗುವನ್ನೆತ್ತುವುದು ಇನ್ನೂ ಕಷ್ಟ. ಅಮ್ಮನಿಗೂ ಉದ್ಯೋಗವಿದೆ, ಅತ್ತೆಗೆ ಮಂಡಿನೋವು, ತವರು ಬೇರೆ ಊರಿನಲ್ಲಿದೆ ಎನ್ನುವ ಮನೆಗಳು ನಗರಗಳಲ್ಲಿ ಬೇಕಾದಷ್ಟಿವೆ. ಬೆಂಗಳೂರಿನಂಥ ಕಡೆ ಏಜೆನ್ಸಿಗಳ ಮೂಲಕ ಬಾಣಂತನದವರನ್ನು ಗೊತ್ತುಮಾಡುವುದು ಹೀಗೆ ಬೆಳೆಯಿತು. ಬೆಳಿಗ್ಗೆ ಬಂದು ಎಣ್ಣೆನೀರು ಮುಗಿಸಿ ಹೋಗುವವರು, ಹನ್ನೆರಡು ಗಂಟೆ ರಾತ್ರಿ ಪಾಳಿಯವರು, ಮನೆಯಲ್ಲೇ ಉಳಿಯುವವರು ಎಂದು ಮೂರು ಬಗೆ.

ಒಳ್ಳೆಯ ರಾತ್ರಿ ಪಾಳಿಯವಳ ಕೆಲಸ ಹೀಗಿರುತ್ತದೆ. ಒಂಬತ್ತಕ್ಕೆ ಬಂದವಳು ಕೈ ತೊಳೆದು, ಮಗು ಕೊನೆಗೆ ಹಾಲು ಕುಡಿದದ್ದು ಯಾವಾಗ, ಒದ್ದೆ ಮಾಡಿದ್ದು ಎಷ್ಟು ಸಲ ಎಂದು ಕೇಳಿಕೊಳ್ಳುತ್ತಾಳೆ. ಮಗು ಬಾಯಿ ಚಪ್ಪರಿಸಿ ತಲೆ ಅತ್ತಿತ್ತ ಹೊರಳಿಸಿದಾಗಲೇ, ಅಳು ಶುರುವಾಗುವ ಮೊದಲೇ, ಬಟ್ಟೆ ಬದಲಿಸಿ ತಾಯಿಯ ಮಗ್ಗುಲಿಗೆ ತರುತ್ತಾಳೆ. ಹಾಲು ಕುಡಿದಾಯಿತೆಂದರೆ ತಾಯಿ ಅತ್ತ ಹೊರಳಿ ಮಲಗಬಹುದು. ತೇಗು ಬರಿಸಿ ಮಲಗಿಸುವುದು ಇವಳ ಪಾಲು. ದೀಪ ಮಂದ, ಮಾತು ಕಡಿಮೆ. ರಾತ್ರಿ ರಾತ್ರಿಯಂತಿದ್ದರೆ ಮಗುವಿನ ದೇಹಕ್ಕೂ ಅದು ಬೇಗ ರೂಢಿಯಾಗುತ್ತದೆ. ಹಾಲೂಡಿಕೆ ಕೂಡಿಬಂದ ಮೇಲೆ ಹಿಂಡಿಟ್ಟ ಎದೆಹಾಲನ್ನು ಒಂದು ಸರದಿಗೆ ಒಳಲೆಯಲ್ಲೋ ಲೋಟದಲ್ಲೋ ಇವಳೇ ಕುಡಿಸಿದರೆ ತಾಯಿಗೆ ಒಂದು ಇಡಿಯಾದ ನಿದ್ದೆ ದಕ್ಕುತ್ತದೆ. ಇದಿಷ್ಟನ್ನೂ ಅಪ್ಪನಾದವನು ಮಾಡಬಹುದು, ಮಾಡಬೇಕು ಕೂಡ. ಹಾಲೂಡಿಸುವುದೊಂದನ್ನು ಬಿಟ್ಟರೆ ಹೆಣ್ಣಿನಿಂದಲೇ ಆಗಬೇಕಾದ ಕೆಲಸ ಇದರಲ್ಲಿ ಒಂದೂ ಇಲ್ಲ.

ಯಾರೇ ಮಲಗಿಸಲಿ, ಕ್ರಮವೊಂದೇ: ಅಂಗಾತ, ಸಮತಟ್ಟಾದ ಗಟ್ಟಿ ಹಾಸಿಗೆಯ ಮೇಲೆ, ತಾಯಿಯ ಕೋಣೆಯಲ್ಲೇ, ದಿಂಬು–ದುಪ್ಪಟಿಗಳಿಲ್ಲದೆ. ಶಿಶುಗಳನ್ನು ಅಂಗಾತ ಮಲಗಿಸಿ ಎಂಬ ಪ್ರಚಾರ 1991ರಲ್ಲಿ ಬ್ರಿಟನ್ನಿನಲ್ಲಿ, 1994ರಲ್ಲಿ ಅಮೆರಿಕದಲ್ಲಿ ಶುರುವಾದ ಮೇಲೆ ನಿದ್ದೆಯಲ್ಲೇ ಮಕ್ಕಳು ಸಾಯುವ ಪ್ರಮಾಣ ಅರ್ಧಕ್ಕೂ ಹೆಚ್ಚು ಇಳಿಯಿತು. ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬು, ರಾಗಿ ದಿಂಬುಗಳು ಮಗು ಮಲಗುವ ಜಾಗದಲ್ಲಿ ಇರಕೂಡದು. ಎಲ್ಲಕ್ಕಿಂತ ಅಪಾಯದ ಜಾಗ ಸೋಫಾ. ದಣಿದವರು ಮಗುವನ್ನು ಎದೆಯ ಮೇಲಿಟ್ಟುಕೊಂಡು ಅಲ್ಲೇ ನಿದ್ದೆಹೋಗಲು ಯಾವ ಕಾರಣಕ್ಕೂ ಬಿಡಬಾರದು.

ದುಡ್ಡು ಕೊಡಲಾಗದವರಿಗೂ ಮನೆಬಾಗಿಲಿಗೆ ಬರುವ ನೆರವಿದೆ. 2011ರಲ್ಲಿ ದೇಶದಾದ್ಯಂತ ಆರಂಭವಾದ ಕಾರ್ಯಕ್ರಮದ ಪ್ರಕಾರ ಆಶಾ ಕಾರ್ಯಕರ್ತೆ ಹೆರಿಗೆಯ ನಂತರ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಮನೆಯಲ್ಲೇ ಹೆರಿಗೆಯಾಗಿದ್ದರೆ ಮೊದಲ ದಿನವೂ. ಮಗುವಿನ ತೂಕ, ಮೈಬಿಸಿ, ಹೊಕ್ಕುಳು, ಹಾಲು ಕುಡಿಯುವ ರೀತಿ ನೋಡಿ ಬರೆದುಕೊಳ್ಳುತ್ತಾಳೆ. ಉಸಿರು ನಿಮಿಷಕ್ಕೆ 60 ಮುಟ್ಟಿದರೆ ಆಸ್ಪತ್ರೆಗೆ ಕಳಿಸುತ್ತಾಳೆ. ಇದರ ಬೇರು ಮಹಾರಾಷ್ಟ್ರದ ಗಡಚಿರೋಲಿಯಲ್ಲಿದೆ. ಅಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ ಹಳ್ಳಿಯ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು 39 ಹಳ್ಳಿಗಳಲ್ಲಿ ಮನೆ ಮನೆ ಆರೈಕೆ ನಡೆಸಿದರು. ಮೂರನೆಯ ವರ್ಷಕ್ಕೆ ನವಜಾತ ಶಿಶುಗಳ ಸಾವು ಶೇ. 62ರಷ್ಟು ತಗ್ಗಿತೆಂದು 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿತು. ನೆರವು ಮನೆಯೊಳಗೇ ಬರಬೇಕೆಂಬುದು ಕರ್ನಾಟಕದ ಸ್ವಂತ ಅನುಭವ ಕೂಡ. 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಜಾರಿಯಾದ ಮಾತೃಪೂರ್ಣ ಯೋಜನೆ ಗರ್ಭಿಣಿ–ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡಲು ಹೊರಟಿತು. ಒಳ್ಳೆಯ ಊಟ, ಒಳ್ಳೆಯ ಉದ್ದೇಶ. ಆದರೆ ಹಸಿಬಾಣಂತಿ ಹೊಸ್ತಿಲು ದಾಟಿ ಊಟಕ್ಕೆ ನಡೆದುಹೋಗುವುದು ಎಷ್ಟೋ ಮನೆಗಳಲ್ಲಿ ಆಗದ ಮಾತಾಯಿತು.

ಬೇರೆ ದೇಶಗಳ ಪೈಕಿ ನೆದರ್ಲೆಂಡ್ಸ್‌ನ ವ್ಯವಸ್ಥೆ ಹೆಸರುವಾಸಿ. ಕ್ರಾಮ್‌ಜೋರ್ಗ್ ಎಂಬ ಈ ಸೇವೆಯಲ್ಲಿ ತರಬೇತಿ ಪಡೆದ ಶುಶ್ರೂಷಕಿಯೊಬ್ಬಳು ಹೆರಿಗೆಯಾದ ಮೇಲೆ ಸುಮಾರು ಎಂಟು ದಿನ ಮನೆಗೆ ಬರುತ್ತಾಳೆ. ಕನಿಷ್ಠ 24 ಗಂಟೆ, ವಾಡಿಕೆಯಲ್ಲಿ 49 ಗಂಟೆಯಷ್ಟು ಕೆಲಸ. ಖರ್ಚಿನ ಹೆಚ್ಚಿನ ಪಾಲನ್ನು ಕಡ್ಡಾಯ ಆರೋಗ್ಯ ವಿಮೆಯೇ ಭರಿಸುತ್ತದೆ. ಅಮೆರಿಕದಲ್ಲಿ ಹೆರಿಗೆಯ ನಂತರ ಮನೆಗೆ ಬಂದು ನೆರವಾಗುವ ಡೂಲಾಗಳಿದ್ದಾರೆ, ರಾತ್ರಿ ಮಾತ್ರ ಬರುವವರೂ ಇದ್ದಾರೆ. ವೆಚ್ಚ ಬಹುಮಟ್ಟಿಗೆ ಕುಟುಂಬದ್ದೇ. ಹಾಗಾಗಿ ಅಲ್ಲಿನ ಕನ್ನಡ ಕುಟುಂಬಗಳು ಊರಿನಿಂದ ಅಮ್ಮನನ್ನು ಕರೆಸಿಕೊಳ್ಳುತ್ತವೆ. ಸಂದರ್ಶಕ ವೀಸಾದಲ್ಲಿ ಒಂದು ಸಲಕ್ಕೆ ಸಾಮಾನ್ಯವಾಗಿ ಆರು ತಿಂಗಳು ಇರಬಹುದಾದ್ದರಿಂದ ಮೊದಲು ಹೆಣ್ಣಿನ ತಾಯ್ತಂದೆ, ಅವರು ಹೊರಟ ಮೇಲೆ ಗಂಡಿನ ಕಡೆಯವರು ಎಂದು ಸರದಿ ಹಾಕಿಕೊಳ್ಳುತ್ತಾರೆ. ಮೆಣಸು, ಅಂಟು, ಮಗುವಿಗೆ ಹಳೆಯ ಹತ್ತಿ ಬಟ್ಟೆ ಸೂಟ್‌ಕೇಸಿನಲ್ಲಿ ಹೋಗುತ್ತವೆ.

ಭಾರತದ ಕಾನೂನು ತಾಯಿಯ ಪರವಾಗಿ ಒಂದಷ್ಟು ಮಾಡಿದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ ಮೊದಲೆರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆ ಬಂತು. ಕೇಂದ್ರ ಸರ್ಕಾರದಲ್ಲಿ ಅಪ್ಪನಿಗೆ 15 ದಿನ. ಖಾಸಗಿ ನೌಕರಿಯಲ್ಲಿ ಅದು ಕಂಪನಿಯ ಇಷ್ಟ. ಆರು ವಾರ ರಾತ್ರಿಯೆದ್ದು ಮಗು ನೋಡಬೇಕಾದವನಿಗೆ ಇದು ಏನೇನೂ ಸಾಲದು.

ಬಾಣಂತನಕ್ಕೆ ಬರುವ ಹೆಣ್ಣುಮಕ್ಕಳ ಸ್ಥಿತಿಯನ್ನೂ ಇಲ್ಲಿ ಹೇಳಬೇಕು. ಮನೆಗೆಲಸದವರಿಗೆ ಕನಿಷ್ಠ ವೇತನ ಗೊತ್ತುಪಡಿಸಿದ ಮೊದಲ ರಾಜ್ಯ ಕರ್ನಾಟಕ, ಅದು 2004ರಲ್ಲಿ. ಆದರೂ ಮನೆಯಲ್ಲೇ ಉಳಿದು ಕೆಲಸ ಮಾಡುವವರಿಗೆ ಗಂಟೆಯ ಲೆಕ್ಕವೇ ಇರುವುದಿಲ್ಲ. ರಾತ್ರಿ ಮಗು, ಹಗಲು ಎಣ್ಣೆನೀರು, ನಡುವೆ ಪಾತ್ರೆ ಬಟ್ಟೆ ಎಂದು ಸುತ್ತುವವಳಿಗೆ ಎರಡನೆಯ ವಾರದಲ್ಲೇ ಕಣ್ಣು ಮುಚ್ಚಿಬರುತ್ತದೆ. ಅಂಥವಳ ಕೈಯಲ್ಲಿ ಮಗುವಿಡುವುದು ಮಗುವಿಗೂ ಕ್ಷೇಮವಲ್ಲ. ನೆದರ್ಲೆಂಡ್ಸ್‌ನಲ್ಲಿ ಶುಶ್ರೂಷಕಿಯ ಸೊಂಟ ನೋಯದಿರಲೆಂದು ಬಾಣಂತಿಯ ಮಂಚವನ್ನು ಎತ್ತರಿಸಿಡುವುದು ಮನೆಯವರ ಜವಾಬ್ದಾರಿ. ಇಲ್ಲಿಯೂ ಆಕೆಯನ್ನು ಗೊತ್ತುಮಾಡುವಾಗಲೇ ಮಲಗುವ ಜಾಗ, ಹಗಲಿನಲ್ಲಿ ನಿದ್ದೆಯ ಹೊತ್ತು, ವಾರದ ರಜೆ, ಮಾಡಬೇಕಾದ ಮತ್ತು ಮಾಡಬೇಕಿಲ್ಲದ ಕೆಲಸಗಳನ್ನು ಮಾತಾಡಿ ಬರೆದಿಟ್ಟುಕೊಳ್ಳಬೇಕು. ಹಿಂದೆ ಕೆಲಸ ಮಾಡಿದ ಮನೆಯವರೊಂದಿಗೆ ಮಾತಾಡಿ, ಮಗುವನ್ನು ಹೇಗೆ ಮಲಗಿಸುತ್ತಾಳೆ, ಕೈ ಯಾವಾಗ ತೊಳೆಯುತ್ತಾಳೆ, ಜ್ವರ ಬಂದರೆ ಏನು ಮಾಡುತ್ತಾಳೆ ಎಂದು ಕೇಳಿಯೇ ಗೊತ್ತುಮಾಡಿಕೊಳ್ಳುವುದು ಸರಿ. ಮೊದಲ ಎರಡು ಮೂರು ರಾತ್ರಿ ಮನೆಯವರೊಬ್ಬರು ಅವಳ ಜೊತೆ ಎಚ್ಚರವಿದ್ದು ಕೆಲಸ ನೋಡಿಕೊಂಡರೆ, ಮುಂದೆ ತಾಯಿ ನಿಶ್ಚಿಂತೆಯಿಂದ ಮಲಗಬಹುದು.